ಅಪ್ಪನಿಗೆ ನಾಬ್, ಯಶಶ್ರೀಗೆ ಡಿಜಿಟಲ್

"ಕಣ್ಣು ಮುಚ್ರೀ…! ಮುಚ್ರೀ ಅಂದ್ನಲ್ಲ!"

ಪರದೆ ಸರಿಸಿ ಒಳಗೆ ಕಾಲಿಟ್ಟವನು ಬೆಚ್ಚಿಬಿದ್ದ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಿಂತಲ್ಲೇ ನಿಂತ.

ಯಶಶ್ರೀ ವೆಲ್ಡಿಂಗ್ ಟಾರ್ಚಿನ ಸ್ವಿಚ್ ಬಿಟ್ಟಳು. ಕಣ್ಣು ಕುಕ್ಕುವ ನೀಲಿ ಬೆಳಕು ಆರಿತು. ಹೆಲ್ಮೆಟ್ ಮೇಲೆತ್ತಿದ ನಮ್ಮ ಹುಡುಗಿಯ ಮುಖ ನೀವು ನೋಡಬೇಕಿತ್ತು! ಬೆವರು, ಮಸಿ, ಜೊತೆಗೆ ಮೂಗಿನ ತುದಿಯಲ್ಲಿ ಸಿಟ್ಟು.

"ಯಾರ್ರೀ ನೀವು? ವೆಲ್ಡಿಂಗ್ ನಡೀತಿದೆ, ಕೂಗಿ ಒಳಗೆ ಬನ್ನಿ ಅಂತ ಅಷ್ಟು ದೊಡ್ಡ ಬೋರ್ಡ್ ಹಾಕಿದೀವಿ. ಓದೋಕೆ ಬರಲ್ವಾ?"

"ಓದೋಕೆ ಬರತ್ತೆ ಮೇಡಂ. ಬೋರ್ಡ್ ಮೇಲೆ ಯಾರೋ ಟವೆಲ್ ಒಣಗಾಕಿದಾರೆ."

ಅಯ್ಯೋ, ಅಪ್ಪನ ಟವೆಲ್! ಯಶಶ್ರೀ ತುಟಿ ಕಚ್ಚಿಕೊಂಡಳು.

"ಕೈ ತೆಗೀಬಹುದಾ?"

"ತೆಗೀರಿ. ಕಣ್ಣು ಉರೀತಿದೆಯಾ?"

"ಇಲ್ಲ. ಕಿವಿ ಮಾತ್ರ ಸ್ವಲ್ಪ ಉರೀತಿದೆ."

ನಗು ಬಂತು. ಆದರೆ ಗುರುತಿಲ್ಲದವನ ಮುಂದೆ ಅಷ್ಟು ಸಲೀಸಾಗಿ ನಗುವವಳಲ್ಲ ಯಶಶ್ರೀ. ಗ್ಲೌಸ್ ಬಿಚ್ಚುವ ನೆಪದಲ್ಲಿ ಮುಖ ತಿರುಗಿಸಿದಳು. ಅವನು ಮಾತ್ರ ಕಣ್ಣು ಬಿಟ್ಟವನು ಬಿಟ್ಟ ಹಾಗೇ ನಿಂತಿದ್ದ. ಮಸಿ ಮೆತ್ತಿದ ಆ ಕೆನ್ನೆಯಲ್ಲಿ ಏನು ಕಂಡನೋ, ಅವನಿಗೇ ಗೊತ್ತು.

ಅವನ ಹೆಸರು ಆತ್ರೇಯ. ಮನೆ ಗವಿಪುರಂನಲ್ಲಿ. ವೆಲ್ಡಿಂಗ್ ಮಷಿನ್ ಮಾರುವ ಒಂದು ಅಂಗಡಿಯಲ್ಲಿ ಕೆಲಸ. ಗಿರಾಕಿಗಳ ಜಾಗಕ್ಕೇ ಮಷಿನ್ ತಂದು, ತಾನೇ ವೆಲ್ಡ್ ಮಾಡಿ ತೋರಿಸಿ, ಕಲಿಸಿಕೊಡುವವನು. ಹೊರಗೆ ಗೂಡ್ಸ್ ಆಟೋದಲ್ಲಿ ಎರಡು ಹೊಸ ಮಷಿನ್‌ಗಳು ಕಾಯುತ್ತಿದ್ದವು. ಒಂದು ಕರೆಂಟ್ ಏರಿಸಿ ಇಳಿಸಲು ಕೈಯಲ್ಲಿ ತಿರುಗಿಸುವ ನಾಬ್ ಇರುವ ಹಳೇ ಮಾದರಿಯದು, ಇನ್ನೊಂದು ಡಿಜಿಟಲ್. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು.

ಆ ಆಯ್ಕೆಯೇ ಚಾಮರಾಜಪೇಟೆಯ ಆ ಪುಟ್ಟ ವರ್ಕ್‌ಶಾಪಿನಲ್ಲಿ ಅಪ್ಪ ಮಗಳ ನಡುವೆ ಮಹಾಯುದ್ಧವಾಗಿತ್ತು!

ಅಪ್ಪ ಏಕಾಂತಯ್ಯ. ಸ್ಟೀಲ್ ಪಾತ್ರೆ, ಹೋಟೆಲ್ ಸಾಮಾನು ಮಾಡುವುದರಲ್ಲಿ ಪೇಟೆಗೆಲ್ಲ ಹೆಸರಾದ ಕೈ. ತಾಯಿ ಇಲ್ಲದ ಮಗಳನ್ನು ಈ ಬೆಂಚಿನ ಪಕ್ಕದಲ್ಲೇ ಬೆಳೆಸಿ, ಡಿಪ್ಲೊಮಾ ಓದಿಸಿ, ಟಾರ್ಚ್ ಹಿಡಿಯುವುದನ್ನೂ ಕಲಿಸಿದವರು. ಈಗ ಹಳೇ ಮಷಿನ್ ಕೆಮ್ಮುತ್ತಿತ್ತು. ಗಾಂಧಿ ಬಜಾರಿನಲ್ಲಿ ಹೊಸ ಹೋಟೆಲ್ ತೆಗೆಯುತ್ತಿದ್ದ ಗಂಗರತ್ನಮ್ಮನವರ ಕಾಫಿ ಬಾಯ್ಲರ್ ದಸರಾ ಮುಗಿಯುತ್ತಲೇ ಆಗಬೇಕಿತ್ತು. ತೆಳು ಶೀಟು, ಒಳಗೆ ಬಿಸಿ ಹಬೆ. ಜಾಯಿಂಟ್ ಒಂದು ಕಡೆ ಬಿಟ್ಟರೂ ಎದುರು ನಿಂತವರ ಮುಖ ಬೆಂದುಹೋಗುತ್ತದೆ.

"ಅಪ್ಪಾ, ಡಿಜಿಟಲ್‌ನಲ್ಲಿ ಕರೆಂಟ್ ನಲವತ್ತೈದು ಅಂದ್ರೆ ನಲವತ್ತೈದೇ. ನಾಬಲ್ಲಿ ಎಲ್ಲಾ ಅಂದಾಜು."

"ಇಷ್ಟು ವರ್ಷ ಅಂದಾಜಲ್ಲೇ ಅನ್ನ ತಿಂದಿದೀಯ. ನಾಬ್ ಇರೋದೇ ಇರ್ಲಿ."

"ನೀವೇ ಹೇಳ್ರೀ," ಎಂದು ಯಶಶ್ರೀ ಆತ್ರೇಯನ ಕಡೆ ತಿರುಗಿದಳು. "ಯಾವುದು ಸರಿ?"

ಆತ್ರೇಯ ಅಪ್ಪನನ್ನೊಮ್ಮೆ, ಮಗಳನ್ನೊಮ್ಮೆ ನೋಡಿದ.

"ನಿಮ್ಮ ಕೆಲಸಕ್ಕೆ ಡಿಜಿಟಲ್ಲೇ ಸರಿ. ತೆಳು ಶೀಟಿಗೆ ಕರೆಂಟನ್ನ ಬಿಟ್ಟು ಬಿಟ್ಟು ಕೊಡತ್ತೆ, ಶೀಟು ಸೊಟ್ಟ ಆಗಲ್ಲ. ಒಂದ್ಸಲ ಸೇವ್ ಮಾಡಿದ್ರೆ ಯಾವಾಗ ಬಂದು ಕೂತ್ರೂ ಅದೇ ಸೆಟ್ಟಿಂಗು. ಎರಡೂ ಇಲ್ಲೇ ಬಿಟ್ಟಿರ್ತೀನಿ, ಓಡಿಸಿ ನೋಡಿ ಹೇಳಿ."

ಏಕಾಂತಯ್ಯ ಗುರ್ ಎಂದರು. ಯಶಶ್ರೀಗೆ ಮಾತ್ರ ಎದೆ ತುಂಬಿ ಬಂತು. ಈ ವರ್ಕ್‌ಶಾಪಿಗೆ ಬಂದವರೆಲ್ಲ "ಅಪ್ಪನ್ನ ಕರೀಮ್ಮಾ" ಎನ್ನುವವರೇ. ಅವಳ ಪ್ರಶ್ನೆಗೆ ಅವಳ ಮುಖ ನೋಡಿ ಉತ್ತರ ಕೊಟ್ಟವನು ಇವನೊಬ್ಬನೇ.

*

ಆಮೇಲೆ ಆತ್ರೇಯ ದಿನಾ ಬೆಳಿಗ್ಗೆ ಬರತೊಡಗಿದ. ಕಲಿಸುವುದಕ್ಕಂತೆ!

ಮೂರು ಬಟನ್, ಒಂದು ಸ್ಕ್ರೀನ್. ಯಶಶ್ರೀ ಮೊದಲ ದಿನವೇ ಕಲಿತುಬಿಟ್ಟಿದ್ದಳು. ಆದರೂ ಎರಡನೇ ದಿನ "ಇದು ಹೇಗೆ ಅಂದ್ರಿ?" ಎಂದು ಕೇಳಿದಳು. ಅವನೂ ಗಂಭೀರವಾಗಿ ಮೊದಲಿನಿಂದ ಹೇಳಿಕೊಟ್ಟ. ಇಬ್ಬರಿಗೂ ಎಲ್ಲಾ ಗೊತ್ತಿತ್ತು. ಇಬ್ಬರೂ ಏನೂ ಗೊತ್ತಿಲ್ಲದವರ ಹಾಗೆ ಇದ್ದರು.

ಅವಳು ಹೊಸ ನೀಲಿ ಕುರ್ತಾ ಹಾಕಿಕೊಂಡು ಬಂದಳು. ಮೇಲೆ ಚರ್ಮದ ಏಪ್ರನ್ ಕಟ್ಟಿದ ಮೇಲೆ ಕುರ್ತಾ ಯಾರಿಗೆ ಕಾಣಬೇಕು, ಹೇಳಿ?

"ನಿಮ್ಮ ಲೈನ್ ಸೊಟ್ಟಗಿದೆ," ಎಂದಳು ಒಂದು ದಿನ, ಅವನು ಮಾಡಿದ ವೆಲ್ಡ್ ನೋಡಿ.

"ಎಲ್ಲಿ?"

"ಇಲ್ಲಿ. ಅರ್ಧಕ್ಕೆ ಬಂದಾಗ ಕೈ ಅಲ್ಲಾಡಿದೆ."

"ಅರ್ಧಕ್ಕೆ ಬಂದಾಗ ನೀವು ಪಕ್ಕದಲ್ಲಿ ಬಂದು ನಿಂತ್ರಿ ಯಶಶ್ರೀ."

ಅವಳು ತಟ್ಟನೆ ಹೆಲ್ಮೆಟ್ ಕೆಳಗೆಳೆದುಕೊಂಡುಬಿಟ್ಟಳು. ಒಳಗೆ, ಆ ಕತ್ತಲಲ್ಲಿ, ನಗು ಕಿವಿಯವರೆಗೂ ಹೋಯಿತು.

'ಏನಾಗ್ತಿದೆ ನನಗೆ? ಮಷಿನ್ ತಗೊಳ್ಳೋಕೆ ಹೋಗಿ…'

*

ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಒಂದು ಮಧ್ಯಾಹ್ನ ಯಶಶ್ರೀ ಹೋಟೆಲಿನ ಕಟ್ಟೆಯ ಅಳತೆಗೆಂದು ಗಾಂಧಿ ಬಜಾರಿಗೆ ಹೋಗಿದ್ದಳು. ಆಗ ವರ್ಕ್‌ಶಾಪಿನಲ್ಲಿ ನಡೆದದ್ದು ಅವಳಿಗೆ ಗೊತ್ತಾಗಲಿಲ್ಲ. ನಿಮಗೆ ಹೇಳಿಬಿಡುತ್ತೇನೆ. ಹೇಳದಿದ್ದರೆ ನೀವೂ ಅವಳ ಹಾಗೆಯೇ ಆತ್ರೇಯನನ್ನು ಬಾಯಿಗೆ ಬಂದಂತೆ ಬೈಯುತ್ತೀರಿ.

ಏಕಾಂತಯ್ಯ ಡಿಜಿಟಲ್ ಮಷಿನ್ನಿನ ಮುಂದೆ ಕೂತಿದ್ದರು. ಆತ್ರೇಯ ಪಕ್ಕದಲ್ಲಿ ನಿಂತಿದ್ದ.

"ಕರೆಂಟ್ ಎಷ್ಟಿಟ್ಟಿದೀರಾ ಸಾರ್?"

"ನಲವತ್ತೈದು."

ಸ್ಕ್ರೀನಿನ ಮೇಲೆ ನೂರ ನಲವತ್ತೈದು ಎಂದಿತ್ತು. ಆತ್ರೇಯ ಸದ್ದಾಗದಂತೆ ಹಿಂದೆ ಹೋಗಿ ಮೇನ್ ಸ್ವಿಚ್ ಆರಿಸಿದ. ಸ್ಕ್ರೀನ್ ಕಪ್ಪಾಯಿತು.

"ಈಗ ಎಷ್ಟಿದೆ ಸಾರ್?"

"ಅದೇ ಕಣಪ್ಪಾ. ನಲವತ್ತೈದು."

"ಸಾರ್… ಮಷಿನ್ ಆಫ್ ಆಗಿದೆ."

ಏಕಾಂತಯ್ಯನ ಕೈ ಮಷಿನ್ ಮೇಲೇ ನಿಂತಿತು.

"ಎಡಗಣ್ಣು ಹೋಗಿ ಬಹಳ ಕಾಲ ಆಯ್ತು," ಎಂದರು ಕೊನೆಗೆ. "ಬಲಗಣ್ಣಲ್ಲಿ ಮಂಜು ಮಂಜು. ಬೆಂಕಿ ಹತ್ತಿದ್ರೆ ಕಾಣತ್ತೆ. ನಂಬರ್ ಕಾಣಲ್ಲ."

"ಡಾಕ್ಟರ್‌ಗೆ ತೋರಿಸ್ಲಿಲ್ವಾ?"

"ನಮ್ಮಣ್ಣಂಗೆ ಕಣ್ಣಿನ ಆಪರೇಷನ್ ಮಾಡ್ಸಿ ಇದ್ದಿದ್ದೂ ಹೋಯ್ತು. ನನಗೆ ಭಯ ಕಣಪ್ಪಾ. ಯಶುಗೆ ಗೊತ್ತಾದ್ರೆ ಆ ಕ್ಷಣ ನನ್ನ ಈ ಬೆಂಚಿಂದ ಎಬ್ಬಿಸ್ತಾಳೆ. ಇದು ಬಿಟ್ರೆ ನಾನು ಯಾರು ಹೇಳು? ಮನೇಲಿ ಮೂಲೆ ಹಿಡಿದು ಕೂರೋ ಮುದುಕ." ಅವರು ಕತ್ತಿನಲ್ಲಿದ್ದ ಲಿಂಗವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಚಾಚಿದರು. "ಮಾತು ಕೊಡು. ಅವಳಿಗೆ ಹೇಳಲ್ಲ ಅಂತ."

ತಂದೆಯ ವಯಸ್ಸಿನವರು. ಆತ್ರೇಯ ಇಲ್ಲ ಎನ್ನುವುದಾದರೂ ಹೇಗೆ?

"ಒಂದು ಷರತ್ತು ಸಾರ್. ಬಾಯ್ಲರ್ ಜಾಯಿಂಟ್ ನೀವು ಮುಟ್ಟಬಾರದು. ಸ್ಟ್ಯಾಂಡು, ಕಾಲು, ಹಿಡಿ… ಅಂಥದ್ದು ಮಾತ್ರ. ಮತ್ತೆ ನನ್ನ ಜೊತೆ ಒಂದ್ಸಲ ಡಾಕ್ಟರ್ ಹತ್ರ ಬರಬೇಕು."

"ಆಯ್ತು."

ಅವನು ಕೈಮೇಲೆ ಕೈಯಿಟ್ಟ.

ಆಮೇಲೆ ನಾಬ್ ಇರುವ ಮಷಿನ್ನಿನ ಮುಂದೆ ಕೂತು, ನಾಬಿನ ಸುತ್ತ ಅಕ್ಕಿಕಾಳಿನಷ್ಟು ಎಂ-ಸೀಲ್ ಅಂಟನ್ನು ಗುಬಟು ಗುಬಟಾಗಿ ಮೆತ್ತಿದ. ತೆಳು ಶೀಟಿನ ಜಾಗಕ್ಕೆ ಒಂದು ಗುಬಟು, ಪೈಪಿನ ಜಾಗಕ್ಕೆ ಎರಡು, ದಪ್ಪ ಪ್ಲೇಟಿಗೆ ಮೂರು. ಏಕಾಂತಯ್ಯ ಬೆರಳಾಡಿಸಿ ನೋಡಿ ಮಗುವಿನ ಹಾಗೆ ನಕ್ಕರು. ನಾಬನ್ನು ಬೆರಳು ಓದುತ್ತದೆ, ಸ್ಕ್ರೀನನ್ನು ಕಣ್ಣೇ ಓದಬೇಕು. ಮುದುಕರು ಯಾಕೆ ನಾಬಿಗೆ ಜೋತುಬಿದ್ದಿದ್ದರು ಎಂದು ಆತ್ರೇಯನಿಗೆ ಈಗ ಅರ್ಥವಾಗಿತ್ತು.

ಆದರೆ ಆ ಗುಟ್ಟು ಅವನ ಗಂಟಲಲ್ಲಿ ಬಿಸಿತುಪ್ಪವಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ!

*

ಮರುದಿನ ಯಶಶ್ರೀ ಖುಷಿಯಲ್ಲಿದ್ದಳು.

"ತೀರ್ಮಾನ ಮಾಡ್ಬಿಟ್ಟೆ. ಡಿಜಿಟಲ್ಲೇ. ಅಪ್ಪನ್ನ ಒಪ್ಪಿಸೋಕೆ ನೀವೂ ಸ್ವಲ್ಪ ಸಹಾಯ ಮಾಡಿ."

ಆತ್ರೇಯ ಅವಳ ಕಣ್ಣು ತಪ್ಪಿಸಿದ.

"ನಾಬ್ ಇರೋದೇ ತಗೊಳ್ಳಿ ಯಶಶ್ರೀ."

"…ಏನು?"

"ಅದೇ ಸರಿ ಹೋಗತ್ತೆ. ಧೂಳಿಗೆ ತಡೆಯತ್ತೆ, ರಿಪೇರಿ ಸುಲಭ…"

"ಮೊನ್ನೆ ಡಿಜಿಟಲ್ ಅಂದ್ರಿ. ನಿಮ್ಮ ಕೆಲಸಕ್ಕೆ ಅದೇ ಸರಿ ಅಂದ್ರಿ!"

"ಆಮೇಲೆ ಯೋಚನೆ ಮಾಡಿದೆ."

"ಏನಂತ?"

ಆತ್ರೇಯ ಬಗ್ಗಿ ಮಷಿನ್ನಿನ ಕೇಬಲ್ ಸುತ್ತತೊಡಗಿದ. ಹಿಂದೆ ಏಕಾಂತಯ್ಯ ಸುಮ್ಮನೆ ಒಂದು ತಗಡಿಗೆ ಅರ ಉಜ್ಜುತ್ತಾ ಕೂತಿದ್ದರು.

ಯಶಶ್ರೀಗೆ ಸುಮ್ಮನಿರಲಾಗಲಿಲ್ಲ. ಸಂಜೆ ಅವನ ಅಂಗಡಿಗೇ ಫೋನ್ ಮಾಡಿ ಎರಡೂ ಮಷಿನ್ ಬಗ್ಗೆ ವಿಚಾರಿಸಿದಳು. ಆ ಕಡೆಯವನು ಉತ್ಸಾಹದಿಂದ ಹೇಳಿದ: "ನಾಬ್ ಮಾಡೆಲ್ಲಾ ಮೇಡಂ? ಅದು ಹಳೇ ಸ್ಟಾಕು. ಕೊನೇ ಪೀಸು. ಅದನ್ನ ನಿಮಗೇ ಕೊಡಬೇಕು ಅಂತ ಆತ್ರೇಯ ಎತ್ತಿಟ್ಟಿದಾರೆ."

ಹಳೇ ಸ್ಟಾಕು!

ದಿನಾ ಬೆಳಿಗ್ಗೆ ಬಂದಿದ್ದು, ನಕ್ಕಿದ್ದು, 'ನೀವು ಪಕ್ಕದಲ್ಲಿ ಬಂದು ನಿಂತ್ರಿ' ಅಂದಿದ್ದು… ಎಲ್ಲಾ ಇದಕ್ಕಾ? ಗೋಡೌನಿನಲ್ಲಿ ಬಿದ್ದಿದ್ದನ್ನ ತಲೆಗೆ ಕಟ್ಟೋಕಾ?

ಬೆಳಿಗ್ಗೆ ಅವನು ಬರುತ್ತಲೇ ಅವಳು ಬಾಗಿಲಲ್ಲೇ ತಡೆದಳು.

"ಒಂದೇ ಪ್ರಶ್ನೆ. ನಾಬ್ ಮಷಿನ್ ಹಳೇ ಸ್ಟಾಕು ಹೌದಾ ಅಲ್ವಾ?"

"ಹೌದು. ಆದ್ರೆ…"

"ನನಗೇ ಕೊಡಬೇಕು ಅಂತ ನೀವೇ ಎತ್ತಿಟ್ಟಿದ್ದು ಹೌದಾ ಅಲ್ವಾ?"

"ಹೌದು ಯಶಶ್ರೀ, ಆದ್ರೆ ನೀವು ಅಂದ್ಕೊಂಡ ಹಾಗಲ್ಲ."

"ಹಾಗಾದ್ರೆ ಹೇಗೆ? ಹೇಳಿ! ನಿಂತಿದೀನಲ್ಲ, ಹೇಳಿ!"

ಆತ್ರೇಯನ ಬಾಯಿ ತೆರೆಯಿತು. ಅವಳ ಹೆಗಲಾಚೆ, ಬೆಂಚಿನ ಪಕ್ಕದಲ್ಲಿ ಏಕಾಂತಯ್ಯ ಅವನತ್ತ ಕೈ ಮುಗಿದು ನಿಂತಿದ್ದರು.

ಬಾಯಿ ಮುಚ್ಚಿತು.

"ಹೇಳೋಕಾಗಲ್ಲ," ಎಂದ ಮೆಲ್ಲಗೆ.

ಮೌನ ಬಂಗಾರ ಎಂದವರು ಯಾರೋ! ಅವರನ್ನು ಕರೆದು ಆ ಬಾಗಿಲಲ್ಲಿ ನಿಲ್ಲಿಸಬೇಕಿತ್ತು.

"ಹಬ್ಬ ಮುಗಿಯೋವರೆಗೂ ಈ ಕಡೆ ಬರಬೇಡಿ," ಎಂದಳು ಯಶಶ್ರೀ. "ಹಬ್ಬ ಮುಗಿದ ಮೇಲೂ ಬರಬೇಡಿ."

ಅವನು ಹೋದ. ಅವನು ಹೋದ ಮೇಲೆ ಅಪ್ಪನ ಬಾಯಿಂದ ಇನ್ನೊಂದು ಪೆಟ್ಟು ಬಿತ್ತು.

"ನಾಬ್ ಮಷಿನ್ನೇ ಇಟ್ಕೊಳ್ಳೋಣ. ಅಂಗಡಿ ಬೋರ್ಡ್ ಮೇಲೆ ಇನ್ನೂ ನನ್ನ ಹೆಸರಿದೆ."

ಡಿಜಿಟಲ್ ಮಷಿನ್ ಬಂದ ಹಾಗೇ ಗೂಡ್ಸ್ ಆಟೋದಲ್ಲಿ ವಾಪಸ್ ಹೋಯಿತು. ಯಶಶ್ರೀ ಆ ನಾಬ್ ಮಷಿನ್ ಮುಟ್ಟುವುದಿಲ್ಲ ಎಂದು ಹಠ ಹಿಡಿದು, ಕೆಮ್ಮುವ ಹಳೇ ಮಷಿನ್ನಿನ ಮುಂದೇ ಕೂತಳು. ಹೆಲ್ಮೆಟ್ಟಿನೊಳಗೆ ಅತ್ತರೆ ಯಾರಿಗೂ ಕಾಣುವುದಿಲ್ಲ. ಅವಳು ಅತ್ತಳು.

*

ಆಯುಧಪೂಜೆಯ ಹಿಂದಿನ ದಿನ ವರ್ಕ್‌ಶಾಪಿನಲ್ಲಿ ಸಾಮಾನೆಲ್ಲ ತೊಳೆಯುವ ಗದ್ದಲ. ಯಶಶ್ರೀ ಸೀರೆಯ ಸೆರಗು ಸಿಕ್ಕಿಸಿ, ಬೆಂಚು, ಡ್ರಿಲ್, ಗ್ರೈಂಡರ್ ಎಲ್ಲ ಉಜ್ಜಿ, ಕೊನೆಗೆ ಆ ನಾಬ್ ಮಷಿನ್ನಿನ ಮುಂದೆ ಬಂದಳು. ಸಿಟ್ಟಿದ್ದರೇನು, ಪೂಜೆಗೆ ಕೊಳಕು ಮಷಿನ್ ಇಡುವುದುಂಟೇ?

ನಾಬಿನ ಸುತ್ತ ಬೂದು ಬಣ್ಣದ ಗಂಟುಗಂಟು.

"ನೋಡು! ಹೊಸ ಮಷಿನ್ನಂತೆ! ಯಾರದೋ ಅಂಗಡೀಲಿ ಇಟ್ಟು, ಯಾವುದೋ ಅಂಟು ಮೆತ್ತಿಸ್ಕೊಂಡು ಬಂದಿರೋದನ್ನ ನಮಗೆ ಕೊಟ್ಟಿದಾನೆ. ಇದಕ್ಕಿಂತ ಸಾಕ್ಷಿ ಬೇಕಾ?" ಎಂದು ತನ್ನಷ್ಟಕ್ಕೇ ಗೊಣಗಿದಳು.

ಬ್ಲೇಡ್ ತಗೊಂಡಳು.

ಬೇಡ ಕಣೇ, ಯಶಶ್ರೀ… ಎಂದು ನಾವು ಇಲ್ಲಿಂದ ಕೂಗಿದರೆ ಅವಳಿಗೆ ಕೇಳುತ್ತದೆಯೇ? ಕೆರೆದಳು. ಒಂದೊಂದನ್ನೂ ಕೆರೆದಳು. ಥಿನ್ನರ್ ಹಾಕಿ ಗುರುತೂ ಉಳಿಯದ ಹಾಗೆ ಒರೆಸಿದಳು. ಒಂದೊಂದು ಗುಬಟು ಕಿತ್ತಾಗಲೂ ಆತ್ರೇಯನ ಮೇಲಿನ ಕೋಪ ತೀರಿಸಿಕೊಂಡಂತೆ ಅನಿಸುತ್ತಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ?

ಮರುದಿನ ಮಷಿನ್‌ಗಳಿಗೆ ವಿಭೂತಿ, ಕುಂಕುಮ, ಚೆಂಡು ಹೂವು. ಬಾಗಿಲಲ್ಲಿ ಬೂದುಗುಂಬಳ ಒಡೆದರು. ಆಯುಧಪೂಜೆಯ ದಿನ ಯಾವ ಯಂತ್ರವನ್ನೂ ಓಡಿಸುವಂತಿಲ್ಲ. ಹಾಗಾಗಿ ಏಕಾಂತಯ್ಯ ನಾಬ್ ಮುಟ್ಟಲಿಲ್ಲ. ಮುಟ್ಟಿದ್ದರೆ ಅಂದೇ ಗೊತ್ತಾಗಿಬಿಡುತ್ತಿತ್ತು.

ವಿಜಯದಶಮಿ ಬೆಳಿಗ್ಗೆ ಗಂಗರತ್ನಮ್ಮ ತಟ್ಟೆಯಲ್ಲಿ ಹೂವು ಹಣ್ಣು ಹಿಡಿದು ಬಂದರು.

"ಪೂಜೆ ಆದ್ಮೇಲಿನ ಮೊದಲ ಬೆಂಕಿ ನನ್ನ ಬಾಯ್ಲರ್‌ಗೇ ಬೀಳ್ಲಿ ಏಕಾಂತಯ್ಯನೋರೇ. ನಿಮ್ಮ ಕೈಯಿಂದಲೇ!"

ಪೂಜೆಯ ಮರುದಿನದ ಮೊದಲ ಕೆಲಸ ಯಾವಾಗಲೂ ಯಜಮಾನನ ಕೈಯಲ್ಲಿ. ಅದು ಆ ವರ್ಕ್‌ಶಾಪಿನ ಪದ್ಧತಿ. ಏಕಾಂತಯ್ಯನ ಮುಖ ಒಂದು ಕ್ಷಣ ಬಿಳುಚಿಕೊಂಡಿತು.

"ಯಶು ಮಾಡ್ತಾಳೆ ಬಿಡಿ…"

"ಅಯ್ಯೋ, ನೀವಿರೋವಾಗ! ಶುಭಕಾರ್ಯ, ಇಲ್ಲ ಅನ್ಬೇಡಿ."

ಗಿರಾಕಿಯ ಮುಂದೆ, ಮಗಳ ಮುಂದೆ, ಹೂವು ಹಾಕಿದ ಬೆಂಚಿನ ಮುಂದೆ ಆ ಮುದುಕರು ಏನು ಹೇಳಿಯಾರು? ಆತ್ರೇಯನ ಷರತ್ತು ನೆನಪಿರಲಿಲ್ಲವೇ? ಇತ್ತು. 'ಒಂದೇ ಒಂದು ಇಂಚು ಅಲ್ವಾ,' ಎಂದುಕೊಂಡು ಕೂತರು.

ಯಶಶ್ರೀ ಹೆಲ್ಮೆಟ್ ಮುಖದ ಮೇಲೆ ಇಳಿಸಿಕೊಂಡು, ಎದುರಿನಿಂದ ಶೀಟಿನ ಎರಡು ಅಂಚು ಸೇರಿಸಿ ಹಿಡಿದಳು. ಗಂಗರತ್ನಮ್ಮ ಪರದೆಯ ಹಿಂದೆ ಸರಿದರು.

ಏಕಾಂತಯ್ಯನ ಬೆರಳು ನಾಬಿನ ಸುತ್ತ ಓಡಾಡಿತು. ಒಂದು ಗುಬಟು ಎಲ್ಲಿ? ಎರಡು ಎಲ್ಲಿ? ನುಣ್ಣಗಿತ್ತು. ಮತ್ತೆ ತಡಕಿದರು. ಹಣೆಯಲ್ಲಿ ಬೆವರು ಒಡೆಯಿತು.

"ಅಪ್ಪಾ, ಯಾಕೆ?"

"ಏನಿಲ್ಲ… ಏನಿಲ್ಲ." ಅಂದಾಜಿನಲ್ಲಿ ತಿರುಗಿಸಿದರು. ಟಾರ್ಚ್ ಹಿಡಿದು ಸ್ವಿಚ್ ಒತ್ತಿದರು.

ಬೆಳಕು ಹತ್ತಲಿಲ್ಲ, ಸಿಡಿಯಿತು!

ತೆಳು ಶೀಟು ಕಣ್ಣೆದುರೇ ಕರಗಿ ನಿಂಬೆಹಣ್ಣಿನಷ್ಟು ತೂತಾಯಿತು. ಕಾದ ಲೋಹದ ಹನಿಯೊಂದು ಯಶಶ್ರೀಯ ಗ್ಲೌಸಿಗೂ ತೋಳಿಗೂ ನಡುವಿನ ಮಣಿಕಟ್ಟಿನ ಮೇಲೆ ಬಿತ್ತು.

"ಅಮ್ಮಾ…!"

ಅವಳು ಇನ್ನೊಂದು ಕೈಯಿಂದ ಮೇನ್ ಸ್ವಿಚ್ಚಿಗೆ ಹೊಡೆದಳು. ಎಲ್ಲಾ ನಿಂತಿತು. ಸುಟ್ಟ ವಾಸನೆ. ಗಂಗರತ್ನಮ್ಮ ಓಡಿ ಬಂದು ಅವಳ ಕೈಯನ್ನು ಬಕೆಟ್ ನೀರಿಗೆ ಅದ್ದಿದರು.

"ಅಪ್ಪಾ! ಎಷ್ಟು ಇಟ್ಟಿದ್ರಿ? ಏನು ಮಾಡಿದ್ರಿ?"

ಏಕಾಂತಯ್ಯನಿಗೆ ಕೇಳಿಸಲೇ ಇಲ್ಲ. ಹೆಲ್ಮೆಟ್, ಗ್ಲೌಸ್ ಕಿತ್ತೆಸೆದು, ಬರಿಗೈಯಲ್ಲಿ ನಾಬಿನ ಸುತ್ತ ತಡಕುತ್ತಿದ್ದರು.

"ಇಲ್ಲೇ ಇತ್ತಲ್ಲ… ಒಂದು ಇಲ್ಲಿತ್ತು… ಎರಡು ಇಲ್ಲಿ… ಎಲ್ಲಿ ಹೋಯ್ತು?"

ಯಶಶ್ರೀ ಅಪ್ಪನ ಬೆರಳು ನೋಡಿದಳು. ಅಪ್ಪನ ಕಣ್ಣು ನೋಡಿದಳು. ಆ ಕಣ್ಣು ನಾಬಿನ ಕಡೆ ಇರಲಿಲ್ಲ, ಸುಮ್ಮನೆ ಗೋಡೆಯ ಕಡೆ ಇತ್ತು.

"ಅಪ್ಪಾ… ನಿಮಗೆ… ಕಾಣ್ತಾ ಇಲ್ವಾ?"

ಗಂಗರತ್ನಮ್ಮ ಅವಳ ಬೆನ್ನು ಸವರಿದರು. "ನನ್ನ ಹೋಟೆಲ್ ಇನ್ನೊಂದು ವಾರ ಆದ್ಮೇಲೆ ತೆಗೆದ್ರೆ ಯಾರೂ ಸಾಯಲ್ಲ ಕಣಮ್ಮ. ಮೊದಲು ಅಪ್ಪನ್ನ ನೋಡ್ಕೋ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟರು.

ಏಕಾಂತಯ್ಯ ಎಲ್ಲಾ ಹೇಳಿದರು. ಆತ್ರೇಯ ಸ್ವಿಚ್ ಆರಿಸಿದ್ದು, ಕೈಮೇಲೆ ಕೈ ಇಡಿಸಿಕೊಂಡಿದ್ದು, ಗುಬಟು ಅಂಟಿಸಿದ್ದು, ಬಾಗಿಲಲ್ಲಿ ಅವಳು ಬೈಯುವಾಗ ತಾವು ಹಿಂದೆ ನಿಂತು ಕೈ ಮುಗಿದಿದ್ದು. ಯಶಶ್ರೀಗೆ ಬ್ಲೇಡ್ ಹಿಡಿದ ತನ್ನದೇ ಕೈ ಕಂಡಿತು.

"ನಾನೇ ಕೆರೆದೆ ಅಪ್ಪಾ. ಕೊಳಕು ಅಂದ್ಕೊಂಡು…"

"ನಿನಗೇನಾದ್ರೂ ಆಗಿದ್ರೆ ಯಶು…" ಅವರು ಮಗಳ ಸುಟ್ಟ ಕೈ ಹಿಡಿದು ಬಿಕ್ಕಿದರು. "ಎಬ್ಬಿಸ್ಬಿಡು ನನ್ನ. ಇನ್ಮೇಲೆ ಈ ಬೆಂಚಲ್ಲಿ ಕೂರಲ್ಲ."

"ಎಬ್ಬಿಸ್ತೀನಿ," ಎಂದಳು ಯಶಶ್ರೀ. ಅಳು ಒತ್ತರಿಸಿ ಬರುತ್ತಿತ್ತು, ಆದರೂ ದನಿ ಗಟ್ಟಿಯಾಗಿತ್ತು. "ಎಬ್ಬಿಸಿ ಡಾಕ್ಟರ್ ಹತ್ರ ಕರ್ಕೊಂಡ್ ಹೋಗ್ತೀನಿ. ಮತ್ತೆ ಕೂರಿಸೋಕೇ ಎಬ್ಬಿಸ್ತಿರೋದು ಅಪ್ಪಾ."

*

ಅವತ್ತೇ ಸಂಜೆ ಗವಿಪುರಂನಲ್ಲಿ ಆತ್ರೇಯನ ಮನೆ ಹುಡುಕಿ ಬಾಗಿಲು ತಟ್ಟಿದಾಗ ಅವಳ ಎದೆಯಲ್ಲಿ ಎರಡು ಬೆಂಕಿ. ಒಂದು ಪಶ್ಚಾತ್ತಾಪ, ಇನ್ನೊಂದು ಕಡುಕೋಪ.

ಬಾಗಿಲು ತೆಗೆದವರು ಆತ್ರೇಯನ ತಾಯಿ ತುಳಸಮ್ಮ.

"ಬಾಮ್ಮ ಬಾ! ಗೊಂಬೆ ನೋಡೋಕೆ ಬಂದ್ಯಾ? ಇವತ್ತೇ ಕೊನೆ, ಇನ್ನೇನು ಮಲಗಿಸ್ಬಿಡ್ತಿದ್ದೆ. ಸರಿಯಾದ ಹೊತ್ತಿಗೆ ಬಂದೆ ನೋಡು!"

"ಅಲ್ಲ ಅಮ್ಮಾ, ನಾನು…"

ಕೇಳುವವರು ಯಾರು? ಜಗಳಕ್ಕೆ ಬಂದ ಹುಡುಗಿಯನ್ನು ದಸರಾ ಗೊಂಬೆಗಳ ಮುಂದೆ ಕೂರಿಸಿ, ಕುಂಕುಮ ಇಟ್ಟು, ಕೈಗೆ ಕಡಲೆಕಾಳು ಉಸಲಿಯ ದೊನ್ನೆ ಕೊಟ್ಟೂ ಆಯಿತು. "ಒಂದು ಹಾಡು ಹೇಳಮ್ಮ" ಎಂದಾಗ ಯಶಶ್ರೀಯ ಕಣ್ಣಿಂದ ಬಳಬಳ ನೀರು ಸುರಿಯಿತು.

"ಅಯ್ಯೋ, ಹಾಡು ಬರದಿದ್ರೆ ಬೇಡ ಬಿಡಮ್ಮ! ಅಳ್ತಾರಾ ಅದಕ್ಕೆ!"

ಆತ್ರೇಯ ಒಳಗಿನಿಂದ ಬಂದವನು ಬಾಗಿಲಲ್ಲೇ ನಿಂತ. ಮಣಿಕಟ್ಟಿನ ಬ್ಯಾಂಡೇಜ್ ನೋಡಿದ್ದೇ ತಡ, ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ಅಪ್ಪ… ಜಾಯಿಂಟ್ ಮಾಡಿದ್ರಾ?"

ಅವಳು ತಲೆಯಾಡಿಸಿದಳು. ಇಬ್ಬರೂ ಹೊರಗೆ ಜಗಲಿಗೆ ಬಂದರು.

"ಗುಬಟು ಕೆರೆದಿದ್ದು ನಾನು," ಎಂದಳು. "ನಿಮ್ಮ ಮೇಲಿನ ಸಿಟ್ಟಿಗೆ ಕೆರೆದೆ. ಅದು ನನ್ನ ತಪ್ಪು. ಬಾಗಿಲಲ್ಲಿ ನಿಲ್ಲಿಸಿ ಬೈದಿದ್ದೂ ನನ್ನ ತಪ್ಪು. ಕ್ಷಮಿಸಿ."

"ಯಶಶ್ರೀ…"

"ಇನ್ನೂ ಮುಗೀಲಿಲ್ಲ! ಯಾಕೆ ಹೇಳ್ಲಿಲ್ಲ ನನಗೆ? ನೀವು ಒಂದು ಮಾತು ಹೇಳಿದ್ರೆ ನಾನು ಬ್ಲೇಡ್ ಹಿಡೀತಿರ್ಲಿಲ್ಲ. ಅಪ್ಪ ಆ ಟಾರ್ಚ್ ಮುಟ್ಟೋಕೆ ಬಿಡ್ತಿರ್ಲಿಲ್ಲ. ಹನಿ ನನ್ನ ಕೈಮೇಲೆ ಬಿತ್ತು, ಸರಿ. ಅಪ್ಪನ ಮುಖದ ಮೇಲೆ ಬಿದ್ದಿದ್ರೆ? ಅವರು ನನ್ನ ಅಪ್ಪ, ಆತ್ರೇಯ. ಅವರ ಕಣ್ಣಿನ ವಿಷಯ ನನಗಿಂತ ಮೊದಲು ನಿಮಗೆ ಗೊತ್ತಿತ್ತು!"

ಆತ್ರೇಯ ಒಂದು ನೆಪವನ್ನೂ ಹೇಳಲಿಲ್ಲ.

"ನಾನು ಮಾಡಿದ್ದು ತಪ್ಪು. ಆ ಮಾತು ಕೊಡಬಾರದಾಗಿತ್ತು. ಡಾಕ್ಟರ್ ಹತ್ರ ಕೇಳಿದ್ದೆ, ಬಲಗಣ್ಣಿಗೆ ಪೊರೆ ಬಂದಿರಬಹುದು, ಪೊರೆ ಆದ್ರೆ ತೆಗೀಬಹುದು ಅಂದ್ರು. ಎರಡು ಸಲ ಟೈಮ್ ತಗೊಂಡೆ. ಎರಡು ಸಲವೂ ನಿಮ್ಮಪ್ಪ ತಪ್ಪಿಸ್ಕೊಂಡ್ರು. ಆಗಲಾದ್ರೂ ನಿಮಗೆ ಹೇಳಬೇಕಿತ್ತು… ಹೇಳಿದ್ರೆ ನಿಮ್ಮಪ್ಪ ಮುರಿದುಹೋಗ್ತಾರೆ, ಹೇಳ್ದಿದ್ರೆ ನೀವು ನನ್ನಿಂದ ದೂರ ಹೋಗ್ತೀರ. ನಾನು ಕಳ್ಕೊಂಡ್ರೂ ಪರವಾಗಿಲ್ಲ ಅಂದ್ಕೊಂಡೆ. ಅದರಲ್ಲಿ ನಿಮ್ಮ ಕೈ ಸುಡತ್ತೆ ಅಂತ ಯೋಚನೆ ಬರ್ಲಿಲ್ಲ."

"ಏನು ಕಳ್ಕೊಂಡ್ರೂ?"

"ನಿಮ್ಮನ್ನ."

ಗವಿಪುರಂನ ಆ ಸಣ್ಣ ರಸ್ತೆಯಲ್ಲಿ ಯಾರದೋ ಸ್ಕೂಟರ್ ಚೆಂಡು ಹೂವಿನ ಹಾರ ಹಾಕಿಕೊಂಡು ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಯಶಶ್ರೀ ಅದನ್ನೇ ನೋಡಿದಳು.

"ಹಳೇ ಸ್ಟಾಕು?" ಎಂದಳು ಕೊನೆಗೆ.

"ಹಳೇದೇ. ನಾಬ್ ಮಾಡೆಲ್ ಬರೋದು ನಿಂತೋಗಿದೆ. ಇದ್ದದ್ದು ಅದೊಂದೇ. ಬೇರೆ ಯಾರೂ ತಗೊಂಡು ಹೋಗಬಾರದು ಅಂತ ತಡೆದಿಟ್ಟೆ." ಅವನು ತಡವರಿಸಿದ. "ನಾಳೆ ಡಿಜಿಟಲ್ ತಂದು ಬದಲಾಯಿಸಿ ಕೊಡ್ತೀನಿ. ನಿಮಗೆ ಬೇಕಾಗಿದ್ದು ಅದೇ ಅಲ್ವಾ?"

ಯಶಶ್ರೀ ತಲೆ ಅಡ್ಡ ಆಡಿಸಿದಳು.

"ಬೇಡ. ನಾಬೇ ಇರ್ಲಿ. ಜಾಯಿಂಟ್ ನಾನು ಮಾಡ್ತೀನಿ, ನಾಬಲ್ಲೂ ನನ್ನ ಕೈ ಕೂರತ್ತೆ. ಆಪರೇಷನ್ ಆದ್ಮೇಲೆ ಎಷ್ಟು ಕಾಣತ್ತೋ ಏನೋ, ಡಾಕ್ಟರ್ ಹೂಂ ಅಂದ ದಿನ ಅಪ್ಪ ಬಂದು ಕೂತಾಗ ಆ ಮಷಿನ್ ಅವರಿಗೂ ಮಾತಾಡಬೇಕು. ಆ ಗುಬಟುಗಳನ್ನ ಮತ್ತೆ ಅಂಟಿಸಿಕೊಡಿ. ಈ ಸಲ ನಾನು ಪಕ್ಕದಲ್ಲೇ ಇರ್ತೀನಿ."

"ನಾಳೆ ಡಾಕ್ಟರ್ ಹತ್ರ ನಾನೂ ಬರ್ಲಾ?"

"ಬರ್ಲಾ ಅಂತ ಕೇಳ್ತೀರಾ? ಬರಬೇಕು! ಅಪ್ಪನ್ನ ಆ ಕಡೆಯಿಂದ ನೀವು ಹಿಡ್ಕೊಳ್ಳಿ. ಇಲ್ಲಾಂದ್ರೆ ಮತ್ತೆ ತಪ್ಪಿಸ್ಕೋತಾರೆ."

ಅವನು ನಕ್ಕ. ಅವಳಿಗೂ ನಗು ಬಂತು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಒಂದು ಮಾತು ಆತ್ರೇಯ. ಇನ್ಮೇಲೆ ಎಂಥಾ ಕೆಟ್ಟ ಸುದ್ದಿ ಇದ್ರೂ ಮೊದಲು ನನಗೆ ಹೇಳಬೇಕು. ಯಾರಿಗೆ ಏನೇ ಮಾತು ಕೊಟ್ಟಿದ್ರೂ."

"ಹೇಳ್ತೀನಿ." ಅವನು ಸ್ವಲ್ಪ ಹತ್ತಿರ ಸರಿದ. ಬ್ಯಾಂಡೇಜ್ ಕಟ್ಟಿದ ಅವಳ ಕೈಯನ್ನು ಮೆಲ್ಲಗೆ ತನ್ನ ಅಂಗೈಯಲ್ಲಿ ಇಟ್ಟುಕೊಂಡ. "ಒಳ್ಳೇ ಸುದ್ದಿ ಇದ್ರೆ?"

ಅವಳು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

"ಅದನ್ನ ಅಪ್ಪನಿಗೆ ಹೇಳಿ. ನಿಮ್ಮಮ್ಮನ್ನ ಕರ್ಕೊಂಡು ಬಂದು ಹೇಳಿ."

"ಯಾವಾಗ ಬರೋಣ?"

"ಆಪರೇಷನ್ ಆಗ್ಲಿ. ಅಪ್ಪ ನಿಮ್ಮ ಮುಖ ಸರಿಯಾಗಿ ನೋಡಿ ಆಮೇಲೆ ಹೂಂ ಅನ್ನಬೇಕು."

"ನೋಡಿದ್ಮೇಲೆ ಬೇಡ ಅಂದ್ಬಿಟ್ರೆ?"

ಯಶಶ್ರೀ ಅವನ ಮುಖವನ್ನು ಕಣ್ತುಂಬ ನೋಡಿದಳು.

"ನಾನು ನೋಡಿದೀನಲ್ಲ."